ಓನರ್ ಆಂಟಿಯ ಹೆಪ್ಪು

ಕಳೆದ ವಾರ ನನ್ನ ತಂಗಿಗಾಗಿ ಒಂದು ಕ್ಯಾಪ್ಸೂಲ್ ಬಿಡಿಸಿದೆ. ಬಸುರಿ ಅವಳು, ಈಗ ಆರು ತಿಂಗಳು. ಉರಿಮೂತ್ರಕ್ಕೆಂದು ಆಂಟಿಬಯೋಟಿಕ್ ತೆಗೆದುಕೊಂಡು ಹೊಟ್ಟೆ ಕೆಡಿಸಿಕೊಂಡಿದ್ದಳು, ಡಾಕ್ಟರು ಪ್ರೋಬಯೋಟಿಕ್ ಬರೆದುಕೊಟ್ಟಿದ್ದರು. ಮಾತ್ರೆ ನುಂಗುವುದೆಂದರೆ ಚಿಕ್ಕಂದಿನಿಂದಲೂ ಅವಳಿಗೆ ದೊಡ್ಡ ರಾಮಾಯಣ. ಬಿಡಿಸಿ ನೀರಿನಲ್ಲಿ ಕಲಸಿ ಕೊಡಬಹುದು ಎಂದು ಡಾಕ್ಟರೇ ಹೇಳಿದ್ದರಿಂದ ನಾನು ಆ ಕೆಲಸಕ್ಕೆ ನಿಂತಿದ್ದೆ. ಬಿಳಿ ಪುಡಿ ಚಮಚಕ್ಕೆ ಉದುರಿತು. ವಾಸನೆ ಇರಲಿಕ್ಕಿಲ್ಲ ಎಂದುಕೊಂಡೇ ಮೂಗಿನ ಹತ್ತಿರ ಹಿಡಿದೆ. ಇತ್ತು. ಬಹಳ ಸಣ್ಣಗೆ, ಹೆಪ್ಪು ಹಾಕಿದ ಪಾತ್ರೆಯ ಮುಚ್ಚಳವನ್ನು ಬೆಳಿಗ್ಗೆ ತೆಗೆದಾಗ ಬರುತ್ತದಲ್ಲ, ಆ ವಾಸನೆ...

"ಏನಾಯ್ತಕ್ಕ, ಎಕ್ಸ್‌ಪೈರಿ ಆಗಿದ್ಯಾ?" ಎಂದಳು ತಂಗಿ.

ಇಲ್ಲ ಎಂದೆ. ಚಮಚ ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಓನರ್ ಆಂಟಿ ನೆನಪಾದರು ಎಂದು ಹೇಳಿದ್ದರೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ.

ಆಗ ನಾವು ಬನಶಂಕರಿ ಎರಡನೇ ಹಂತದಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಒಡತಿ, ಅವರ ಮಗ ಮತ್ತು ಸೊಸೆ. ಮಗನಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ, ಸೊಸೆ ಉತ್ತರಹಳ್ಳಿಯ ಶಾಲೆಯೊಂದರಲ್ಲಿ ಟೀಚರ್. ಈ ಊರಿನಲ್ಲಿ ಬಾಡಿಗೆದಾರರ ಬಾಯಲ್ಲಿ ಮನೆ ಒಡತಿಗೆ ಹೆಸರಿರುವುದಿಲ್ಲ, ಓನರ್ ಆಂಟಿ ಅಷ್ಟೇ. ನಾವೂ ಹಾಗೆಯೇ ಕರೆದೆವು. ಕುಳ್ಳಗೆ, ದುಂಡಗೆ ಇದ್ದರು. ಸೆರಗನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದರು, ಯಾವುದೋ ದೊಡ್ಡ ಅಡುಗೆಯ ನಡುವೆ ಎದ್ದು ಬಂದ ಹಾಗೆ.

ಎಲ್ಲರೂ ಊಟ ಆಯ್ತಾ ಎಂದು ಕೇಳಿದರೆ ಇವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಹೊಟ್ಟೆ ಹೇಗಿದೆ?" ಹಾಲು ಹಾಕುವವನಿಗೂ ಅದೇ, ಕರೆಂಟಿನ ಮೀಟರ್ ನೋಡಲು ಬಂದವನಿಗೂ ಅದೇ. ನನ್ನ ಗಂಡ ಆಫೀಸಿಗೆ ಹೊರಟು ಗೇಟಿನ ಹತ್ತಿರ ಹೆಲ್ಮೆಟ್ ಹಾಕಿಕೊಳ್ಳುತ್ತಿರುವಾಗ ಇಡೀ ರಸ್ತೆಗೆ ಕೇಳುವ ಹಾಗೆ, "ಏನಪ್ಪಾ, ಬೆಳಿಗ್ಗೆ ಸಲೀಸಾಯ್ತಾ?" ಎನ್ನುತ್ತಿದ್ದರು. ಪಾಪ, ಆತ ಕೊನೆಕೊನೆಗೆ ಹೆಲ್ಮೆಟ್ಟನ್ನು ಮೇಲೆಯೇ ಹಾಕಿಕೊಂಡು ಕೆಳಗಿಳಿಯಲು ಶುರುಮಾಡಿದ.

ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಒಂದು ಪುಟ್ಟ ಸ್ಟೀಲ್ ಬಟ್ಟಲಲ್ಲಿ ಹೆಪ್ಪು ತಂದುಕೊಟ್ಟಿದ್ದರು. ನಾವು ಪ್ಯಾಕೆಟ್ ಮೊಸರಿನವರು, ಬೇಡ ಎನ್ನಲು ಸಂಕೋಚವಾಗಿ ಇಸಕೊಂಡೆ. ಅವರ ತಾಯಿಯ ಮನೆಯಿಂದ, ಮದುವೆಯಾಗಿ ಬರುವಾಗ, ಕಲ್ಲಿನ ಮರಿಗೆಯಲ್ಲಿ ತಂದ ಮೊಸರಿನದಂತೆ ಅದು. ಆವತ್ತಿನಿಂದ ದಿನವೂ ಹಿಂದಿನ ದಿನದ ಮೊಸರಿನಿಂದ ಒಂದು ಚಮಚ ಎತ್ತಿಟ್ಟು, ಮರುದಿನದ ಹಾಲಿಗೆ ಹಾಕಿ, ಹಾಗೇ ನಡೆಸಿಕೊಂಡು ಬಂದಿದ್ದರು. "ಇದು ನನಗಿಂತ ಹಿರೀದು ಕಣೆ, ಮರ್ಯಾದೆಯಿಂದ ನೋಡ್ಕೊ" ಎಂದರು. ಜೊತೆಗೆ ಕಾನೂನುಗಳು ಬೇರೆ. ದೀಪ ಹಚ್ಚಿದ ಮೇಲೆ ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು. ಹೆಪ್ಪು ತಂದ ಬಟ್ಟಲು ಖಾಲಿಯಾಗಿ ವಾಪಸ್ ಹೋಗಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಬೇಕು. ನನಗೆ ಇಂಥವೆಲ್ಲ ಕಿರಿಕಿರಿ. ಆದರೆ ಆ ಮೊಸರು ತಿಂದ ಮೇಲೆ ಪ್ಯಾಕೆಟ್ ಮೊಸರು ಬಾಯಿಗೆ ಹತ್ತಲಿಲ್ಲ ಎನ್ನುವುದನ್ನೂ ಹೇಳಲೇಬೇಕು. ಗಟ್ಟಿಯಾಗಿ, ಮೇಲೆ ಒಂದು ಕೆನೆ, ತುದಿನಾಲಿಗೆಗೆ ಮಾತ್ರ ತಿಳಿಯುವಷ್ಟು ಹುಳಿ.

ನಾನು ಬಸುರಿಯಾದದ್ದು ಆ ಮನೆಯಲ್ಲಿ. ಹಿಂದೆ ಒಂದು ಸಲ ನಿಂತು, ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ನಾನು ಯಾರಿಗೂ ಹೇಳಿರಲಿಲ್ಲ. ಆಂಟಿಗೆ ಹೇಳುವ ಅಗತ್ಯವೇ ಬೀಳಲಿಲ್ಲ, ಮೆಟ್ಟಿಲು ಹತ್ತುವ ನನ್ನ ರೀತಿ ನೋಡಿಯೇ, "ಹೊಟ್ಟೆ ಹೇಗಿದೆ?" ಎಂದು ಮೊದಲ ಬಾರಿಗೆ ಪಿಸುದನಿಯಲ್ಲಿ ಕೇಳಿದರು. ನನಗೆ ಅಳು ಬಂದುಬಿಟ್ಟಿತು.

ಐದನೇ ತಿಂಗಳಿಗೆ, ಈಗ ತಂಗಿಗೆ ಬಂದದ್ದೇ ನನಗೂ ಬಂತು. ಮೂತ್ರದ ಸೋಂಕು, ಜ್ವರ, ಅದಕ್ಕೆ ಜೋರು ಆಂಟಿಬಯೋಟಿಕ್. ಸೋಂಕು ಹೋಯಿತು, ಜೊತೆಗೆ ಹೊಟ್ಟೆಯೂ ಹೋಯಿತು. ತಿಂದದ್ದು ತಿಂದ ಹಾಗೇ ಹೊರಗೆ. ಸ್ಕ್ಯಾನ್ ಮಾಡಿದ ಡಾಕ್ಟರು ಮಗುವಿನ ತೂಕ ಸ್ವಲ್ಪ ಹಿಂದಿದೆ, ನಿಮ್ಮದಂತೂ ಇಳಿಯುತ್ತಲೇ ಇದೆ ಎಂದರು. ಜಯನಗರದಿಂದ ಮನೆಯವರೆಗೂ ಆಟೋದಲ್ಲಿ ಬಂದೆ. ನನ್ನ ಕೈಯಲ್ಲಿ ಪ್ರೋಬಯೋಟಿಕ್ ಕ್ಯಾಪ್ಸೂಲಿನ ಬಾಟಲಿ ಇತ್ತು, ಫ್ರಿಜ್ಜಿನಲ್ಲಿಡಿ ಎಂದು ಹೇಳಿದ್ದರು.

ಆಂಟಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಏನಿದೆ ಇದರೊಳಗೆ?"

"ಒಳ್ಳೇ ಬ್ಯಾಕ್ಟೀರಿಯಾ ಆಂಟಿ. ಜೀವ ಇರತ್ತೆ ಅದಕ್ಕೆ. ಕರುಳಿಗೆ ಹೋಗಿ ಕೂತ್ಕೊಳತ್ತೆ."

"ಅಂದ್ರೆ ಹೆಪ್ಪು."

"ಒಂಥರಾ..."

"ಹೆಪ್ಪಿಗೆ ಅಂಗಿ ತೊಡಿಸಿದ್ದಾರೆ ಅನ್ನು. ತಗೋ, ಬೇಡ ಅನ್ನಲ್ಲ. ಅದನ್ನೂ ನುಂಗು, ಇದನ್ನೂ ತಿನ್ನು."

ಅವತ್ತಿನಿಂದ ದಿನಾ ಮಧ್ಯಾಹ್ನ ಮೆತ್ತಗೆ ಕಲಸಿದ ಮೊಸರನ್ನ ಮೇಲೆ ಬರತೊಡಗಿತು. ಒಂದು ದಿನ ಇಂಗು, ಒಂದು ದಿನ ದಾಳಿಂಬೆ ಕಾಳು, ಒಂದು ದಿನ ಬರೀ ಉಪ್ಪು. ನಿಧಾನವಾಗಿ ಭೇದಿ ನಿಂತಿತು. ಕ್ಯಾಪ್ಸೂಲು ಕೆಲಸ ಮಾಡಿತೋ, ಮೊಸರನ್ನವೋ, ಆಂಟಿಬಯೋಟಿಕ್ ಮುಗಿದದ್ದರಿಂದ ತಾನಾಗೇ ಸರಿಹೋಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಂಟಿ ಮಾತ್ರ ಪೂರ್ತಿ ಶ್ರೇಯಸ್ಸನ್ನು ತಮ್ಮ ತಾಯಿಗೆ ಕೊಟ್ಟುಬಿಟ್ಟರು.

ಅದರ ನಡುವೆ ಒಂದು ಗ್ರಹಣ ಬಂತು. ಆಂಟಿ ದರ್ಭೆಯ ಕಟ್ಟು ಹಿಡಿದು ಮೇಲೆ ಬಂದರು. ಗ್ರಹಣದ ದೋಷ ತಟ್ಟದಿರಲೆಂದು ಮೊಸರಿನ ಪಾತ್ರೆಯ ಮೇಲೊಂದು ಎಸಳು, ಉಪ್ಪಿನಕಾಯಿ ಜಾಡಿಯ ಮೇಲೊಂದು, ನನ್ನ ಹೊಟ್ಟೆಯ ಮೇಲೊಂದು. ಫ್ರಿಜ್ಜಿನ ಬಾಗಿಲು ಮುಚ್ಚುವ ಮುಂಚೆ ಒಂದು ಕ್ಷಣ ಯೋಚಿಸಿ, ಕ್ಯಾಪ್ಸೂಲಿನ ಬಾಟಲಿಯ ಮೇಲೂ ಒಂದು ಎಸಳಿಟ್ಟರು. "ಜೀವ ಇರತ್ತೆ ಅಂದ್ಯಲ್ಲ" ಎಂದರು. ನಾನು ನಕ್ಕೂ ನಕ್ಕೂ ಸುಸ್ತಾದೆ. ಅವರೂ ನಕ್ಕರು. ನಗುವಾಗ ಪಕ್ಕೆಯನ್ನು ಒತ್ತಿ ಹಿಡಿದುಕೊಂಡರು. ನಗು ತಡೆಯಲಾಗದೆ ಹಿಡಿದುಕೊಂಡರು ಎಂದುಕೊಂಡೆ...

ನಗುವಿಗಲ್ಲ. ಊರಿಗೆಲ್ಲ ಹೊಟ್ಟೆ ಹೇಗಿದೆ ಎಂದು ಕೇಳುತ್ತಿದ್ದವರು ತಮ್ಮ ಹೊಟ್ಟೆಯ ನೋವಿಗೆ ತಿಂಗಳುಗಟ್ಟಲೆ ಜೀರಿಗೆ ಕಷಾಯ ಕುಡಿದುಕೊಂಡು, ಪಿತ್ತ, ವಾಯು ಎಂದು ಮನೆಯವರಿಗೆ ಹೇಳಿಕೊಂಡು ತಿರುಗುತ್ತಿದ್ದರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಾಗಲೇ ಗೊತ್ತಾದದ್ದು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕರುಳಿನಲ್ಲಿ ಗಡ್ಡೆ, ಆಗಲೇ ಬೇರೆ ಕಡೆಗೂ ಹರಡಿತ್ತು. ಮಗ ನಮಗೆ ಈ ವಿಷಯ ಹೇಳುವಾಗ ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಹೇಳಿದ. ನನಗೆ ಆಂಟಿಯ ಮೇಲೆ ಸಿಟ್ಟು ಬಂತು. ಎಂಥ ಹೆಂಗಸು ಇವರು, ಒಂದು ಮಾತು ಹೇಳಬಾರದಿತ್ತೇ ಎಂದು ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ಕೀಮೋ ಶುರುವಾಯಿತು. ರಕ್ತದಲ್ಲಿ ಬಿಳಿ ಕಣಗಳು ಇಳಿದುಹೋದವು. ಸೋಂಕಾದರೆ ತಡೆಯುವ ಶಕ್ತಿ ಇಲ್ಲ, ಹತ್ತಿರ ಯಾರೂ ಹೋಗಬಾರದು ಎಂದಾಯಿತು. ಆಂಟಿಗೂ ಅವರದೇ ಕಾನೂನು ಇತ್ತು, ಬಸುರಿ ಹೆಂಗಸು ರೋಗಿಯ ಕೋಣೆಗೆ ಕಾಲಿಡಬಾರದು. ಎರಡೂ ಕಾನೂನು ಸೇರಿ ನನ್ನನ್ನು ಹೊರಗಿಟ್ಟವು. ಆದರೆ ಅವರ ಕೋಣೆಯ ಕಿಟಕಿ ನಮ್ಮ ಮೆಟ್ಟಿಲಿನ ಕಡೆಗೆ ತೆರೆದುಕೊಳ್ಳುತ್ತಿತ್ತು. ನಾನು ಮೆಲ್ಲಗೆ ಇಳಿದು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದೆ, ಅವರು ಒಳಗೆ ಮಂಚದ ಮೇಲೆ ದಿಂಬಿಗೊರಗಿ. ನಡುವೆ ಕಂಬಿ.

ಅವರಿಗೆ ಮೊಸರು ನಿಷಿದ್ಧವಾಗಿತ್ತು. ಹಸಿ ತರಕಾರಿ ಬೇಡ, ಹೊರಗಿನದು ಬೇಡ, ಮನೆಯಲ್ಲಿ ಹೆಪ್ಪು ಹಾಕಿದ್ದಂತೂ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಬಿಸಿ ಗಂಜಿ, ಬೇಯಿಸಿದ ಬೇಳೆ ಅಷ್ಟೇ. ಹುಟ್ಟಿದಾಗಿನಿಂದ ಊಟದ ಕೊನೆಗೆ ಮೊಸರನ್ನ ಉಣ್ಣದೆ ಎದ್ದವರಲ್ಲ ಆಕೆ. ಬಾಯಿಯ ಒಳಗೆಲ್ಲ ಹುಣ್ಣಾಗಿ ಉರಿಯುತ್ತಿತ್ತು, ತಂಪಾದದ್ದು ಬೇಕು ಅನಿಸುತ್ತಿತ್ತು. ಒಂದು ದಿನ ಸೊಸೆ ಶಾಲೆಯಿಂದ ಇನ್ನೂ ಬಂದಿರಲಿಲ್ಲ, ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಹಿತ್ತಲಲ್ಲಿದ್ದಳು. ಆಂಟಿ ಕಂಬಿಯ ಹತ್ತಿರ ಜರುಗಿ ಬಂದರು.

"ಒಂದೇ ಒಂದು ತುತ್ತು ಕಣೆ. ಮೇಲಿದ್ಯಲ್ಲ, ನಿನ್ನ ಹತ್ರ. ಜಾಸ್ತಿ ಬೇಡ. ಈ ಸಂದಿಯಿಂದ ಕೈ ತೂರತ್ತೆ ನೋಡು" ಎಂದು ತೂರಿಸಿ ತೋರಿಸಿದರು. ಬಳೆ ಇಲ್ಲದ ಕೈ. ಊದಿಕೊಂಡಿದೆ ಎಂದು ತೆಗೆಸಿದ್ದರು. "ಯಾರಿಗೂ ಹೇಳಲ್ಲ."

ನಾನು ಮೇಲೆ ಹೋದೆ. ಅನ್ನ ಹಾಕಿದೆ, ಮೊಸರು ಕಲಸಿದೆ, ಉಪ್ಪು ಹಾಕಿದೆ. ಬಟ್ಟಲು ಹಿಡಿದು ಮೇಲಿನ ಮೆಟ್ಟಿಲ ತನಕ ಬಂದೆ. ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ಕೊಟ್ಟರೆ ಏನಾದರೂ ಆಗಿಬಿಟ್ಟರೆ? ಕೊಡದಿದ್ದರೆ... ಎಷ್ಟು ಹೊತ್ತು ನಿಂತಿದ್ದೆನೋ. ಕೆಳಗಿನಿಂದ ಅವರ ದನಿ ಬಂತು, "ಬೇಡ ಬಿಡೇ, ಸುಮ್ನೆ ಅಂದೆ." ನನ್ನ ಹೆಜ್ಜೆಯ ಸಪ್ಪಳ ಮೇಲೆಯೇ ನಿಂತದ್ದು ಅವರಿಗೆ ಕೇಳಿಸಿತ್ತು.

ನನ್ನ ಡಾಕ್ಟರನ್ನು ಮುಂದಿನ ಸಲ ಕೇಳಿದೆ, ಮೊಸರಿನ ಬದಲು ನನ್ನ ಈ ಕ್ಯಾಪ್ಸೂಲನ್ನಾದರೂ ಕೊಡಬಹುದಾ ಎಂದು. ಆಕೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಖಂಡಿತಾ ಕೊಡಬೇಡಿ. ನಿಮಗೆ ಒಳ್ಳೇದು ಮಾಡೋದೇ ಅವರಿಗೆ ಈಗ ಅಪಾಯ. ಅವರ ದೇಹದಲ್ಲಿ ತಡೆಯೋರು ಯಾರೂ ಇಲ್ಲ." ಅಷ್ಟೇ ಹೇಳಿ ನನ್ನ ಬಿಪಿ ನೋಡಿದರು. ನನ್ನ ಮಗುವಿನ ತೂಕ ಸರಿಹೋಗಿದೆ ಎಂದು ಅವತ್ತೇ ಹೇಳಿದರು. ಆ ಸಂತೋಷವನ್ನು ಹೇಗೆ ಪಡಬೇಕು ಎಂದೇ ತಿಳಿಯಲಿಲ್ಲ ನನಗೆ.

ಆಂಟಿಗೆ ಸುಳ್ಳು ಹೇಳಲು ಬರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಕೇಳಿಸಿಕೊಂಡು ದಿಂಬನ್ನು ಕಂಬಿಯ ಕಡೆಗೆ ಎಳೆದುಕೊಂಡರು. ಆಮೇಲೆ, "ಸರಿ. ಹಂಗಾದ್ರೆ ನೀನು ತಿನ್ನು. ಇಲ್ಲೇ ಕೂತು ತಿನ್ನು, ನಾನು ನೋಡ್ತೀನಿ" ಎಂದರು.

ತಮಾಷೆಗೆ ಎಂದುಕೊಂಡೆ. ತಮಾಷೆಯಲ್ಲ. ಅವತ್ತಿನಿಂದ ನನ್ನ ಮಧ್ಯಾಹ್ನದ ಮೊಸರನ್ನ ಆ ಮೆಟ್ಟಿಲ ಮೇಲೆಯೇ ಆಯಿತು. ನಾನು ಕಲಸುವುದನ್ನು ನೋಡುವರು, "ಇನ್ನಷ್ಟು ಮೊಸರು ಹಾಕ್ಕೋ, ಗಟ್ಟಿಯಾಯ್ತು" ಎನ್ನುವರು. ನಾನು ತುತ್ತು ಬಾಯಿಗಿಟ್ಟರೆ ಅವರ ದವಡೆಯೂ ಆಡುತ್ತಿತ್ತು. ನಾನು ನುಂಗಿದರೆ ಅವರೂ ನುಂಗುತ್ತಿದ್ದರು. ನನ್ನ ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು. ಏಳಲು ಹೋದರೆ, "ಮಗೂಗೆ ಕಣೆ, ಮುಗಿಸು" ಎಂದು ಗದರುತ್ತಿದ್ದರು. ಇಷ್ಟು ಕ್ರೂರವಾದ, ಇಷ್ಟು ಅಕ್ಕರೆಯ ಊಟವನ್ನು ನಾನು ಮತ್ತೆ ಉಂಡಿಲ್ಲ. ಬೇಡ ಎನ್ನುವಂತಿರಲಿಲ್ಲ, ಕೊಡುವಂತಿರಲಿಲ್ಲ. ಅವರಿಗೆ ಉಳಿದಿದ್ದ ರುಚಿ ಅದೊಂದೇ.

ಒಂದು ಸಲ ಧೈರ್ಯ ಮಾಡಿ ನಾನೇ ಕೇಳಿದೆ, "ನಿಮ್ಮ ಹೊಟ್ಟೆ ಹೇಗಿದೆ ಆಂಟಿ?"

ಅವರು ನಕ್ಕರು. "ಅದು ಈಗ ನಂದಲ್ಲ ಬಿಡು. ನಿಂದು ಹೇಳು, ಒದೀತಾ ಇದ್ಯಾ?"

ನನಗೆ ಒಂಬತ್ತು ತುಂಬುವ ಹೊತ್ತಿಗೆ ಅವರನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದರು. ಒಂದು ಬೆಳಿಗ್ಗೆ ಮಗ ಮೇಲೆ ಬಂದು ಬಾಗಿಲ ಹೊರಗೇ ನಿಂತ. "ಅಕ್ಕ, ಡಾಕ್ಟ್ರು ಇನ್ನು ಕೀಮೋ ಬೇಡ ಅಂದ್ರು. ಇನ್ಮೇಲೆ ಅವರು ಏನು ಕೇಳಿದ್ರೂ ಕೊಡಿ ಅಂದ್ರು." ಏನು ಕೇಳಿದರೂ ಕೊಡಿ ಎಂದು ಡಾಕ್ಟರು ಹೇಳಿದರೆ ಅದರ ಅರ್ಥವೇನು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಒಳಗೆ ಹೋಗಿ ಅನ್ನಕ್ಕೆ ಇಟ್ಟೆ. ಆ ಅನ್ನವನ್ನು ಹಿಸುಕಿ ಹಿಸುಕಿ ಬೆಣ್ಣೆ ಮಾಡಿದೆ. ಹುಳಿಯಾದರೆ ಬಾಯಿ ಹುಣ್ಣು ಉರಿಯುತ್ತದೆ ಎಂದು ಹಾಲು ಜಾಸ್ತಿ, ಮೊಸರು ಕಡಿಮೆ ಹಾಕಿದೆ. ಪುಟ್ಟ ಡಬ್ಬಿಯಲ್ಲಿ ತುಂಬಿ ಕೊಟ್ಟೆ.

ಸಂಜೆ ಡಬ್ಬಿ ವಾಪಸ್ ಬಂತು. ತುಂಬಿಯೇ ಇತ್ತು. ನುಂಗಲು ಆಗುತ್ತಿರಲಿಲ್ಲವಂತೆ. "ತುಟಿಗೆ ಹಚ್ಚಿದ್ವಿ ಅಕ್ಕ. ನಾಲಿಗೆ ಆಡ್ಸಿದ್ರು. ಹುಳಿ ಸಾಲದು ಅಂದ್ರು" ಎಂದು ಹೇಳಿ ಅವನು ನಗಲು ಹೋದ. ಆಗಲಿಲ್ಲ ಅವನಿಂದ.

ಮಾರನೆಯ ದಿನ ಆಂಟಿಯನ್ನು ಮನೆಗೆ ತಂದರು. ತುಂಬು ಬಸುರಿ ಹೆಣ ನೋಡಬಾರದು ಎಂದು ನನ್ನನ್ನು ಕೆಳಗಿಳಿಯಲು ಬಿಡಲಿಲ್ಲ. ಆಂಟಿ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು. ಬಾಲ್ಕನಿಯಿಂದ ನೋಡಿದೆ. ಶಾಮಿಯಾನದ ಬಟ್ಟೆ ಅಡ್ಡವಿತ್ತು, ಜನರ ತಲೆಗಳಷ್ಟೇ ಕಂಡವು. ಎತ್ತುವಾಗ ಅವರ ಪಾದ ಒಂದು ಕ್ಷಣ ಕಂಡಿತು, ಅಷ್ಟೇ...

ಅವರ ಸೂತಕ ಕಳೆಯುವ ಮೊದಲೇ ನನಗೆ ಹೆರಿಗೆಯಾಯಿತು. ಮಗಳು. ತೂಕ ಎಷ್ಟಿರಬೇಕೋ ಅಷ್ಟೇ ಇದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಪುರುಡು ಕಳೆಯುವ ದಿನ, ಬಾಣಂತನಕ್ಕೆಂದು ಬಂದಿದ್ದ ನಮ್ಮತ್ತೆ ಮನೆಯೆಲ್ಲ ತೊಳೆಸಿದರು, ಪಾತ್ರೆಯೆಲ್ಲ ಬೆಳಗಿಸಿದರು. ನಾನು ಮಗುವಿನ ಜೊತೆ ಕೋಣೆಯಲ್ಲಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಕೆಳಗಿನ ಸೊಸೆ ಬಂದಳು. ಮಗುವನ್ನು ನೋಡಿ, ಕೆನ್ನೆ ಮುಟ್ಟಿ, ಆಮೇಲೆ ಸೆರಗಿನಡಿಯಿಂದ ಒಂದು ಪುಟ್ಟ ಸ್ಟೀಲ್ ಬಟ್ಟಲು ತೆಗೆದಳು. ಅದೇ ಬಟ್ಟಲು. "ಅಕ್ಕ, ಸ್ವಲ್ಪ ಹೆಪ್ಪು ಕೊಡಿ. ಸೂತಕ ಅಂತ ಮನೇಲಿದ್ದ ಮೊಸರು ಮಜ್ಜಿಗೆ ಎಲ್ಲಾ ಚೆಲ್ಲಿದ್ವಿ. ಅತ್ತೆ ಹೆಪ್ಪು ಹೇಗೂ ಮೇಲಿದ್ಯಲ್ಲ ಅಂತ..."

ನಾನು ನಮ್ಮತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಪುರುಡಿನ ಮನೆ ಮೊಸರು ಅಂತ ಚೆಲ್ಲಿಬಿಟ್ಟೆನಮ್ಮ" ಎಂದರು. "ಹೆಪ್ಪು ಕೆಳಗಿನ ಮನೇದು ತಾನೆ, ಅಲ್ಲೇ ತಂದ್ರಾಯ್ತು ಅಂದ್ಕೊಂಡೆ."

ಯಾರದು ತಪ್ಪು? ಕೆಳಗೆ ಸಾವಿನ ಮೈಲಿಗೆ, ಮೇಲೆ ಹುಟ್ಟಿನ ಮೈಲಿಗೆ. ಇವರು ಅವರನ್ನು ನಂಬಿ ಚೆಲ್ಲಿದರು, ಅವರು ಇವರನ್ನು ನಂಬಿ ಚೆಲ್ಲಿದರು. ಆಂಟಿಯೇ ಇದ್ದಿದ್ದರೂ ಚೆಲ್ಲಿ ಎಂದೇ ಹೇಳುತ್ತಿದ್ದರು. ಸೊಸೆ ಬಟ್ಟಲು ಹಿಡಿದು ರಸ್ತೆಯೆಲ್ಲ ತಿರುಗಿದಳು, ಆಂಟಿ ಹೆಪ್ಪು ಕೊಡದ ಮನೆ ಆ ರಸ್ತೆಯಲ್ಲಿ ಇರಲಿಲ್ಲ. ಒಂದು ಮನೆಯವರು ಈಗ ಪ್ಯಾಕೆಟ್ಟೇ ತರುತ್ತಾರಂತೆ. ಒಂದು ಮನೆ ಒಡೆದು ಅಪಾರ್ಟ್‌ಮೆಂಟಿಗೆ ಪಾಯ ತೋಡಿದ್ದರು, ಅಲ್ಲಿದ್ದವರು ವಸಂತಪುರದ ಕಡೆಗೆ ಹೋಗಿದ್ದರು. ಫೋನ್ ಮಾಡಿದರೆ ಅವರದೂ ಕೆಟ್ಟುಹೋಗಿ ಬಹಳ ದಿನವಾಗಿತ್ತು. ಕೆಟ್ಟರೆ ಕೇಳಿದರಾಯಿತು, ಆಂಟಿ ಇದ್ದಾರಲ್ಲ ಎಂದು ಎಲ್ಲರೂ ಧೈರ್ಯವಾಗಿದ್ದರು.

ಅವಳು ತಿರುಗಿ ನಮ್ಮ ಮನೆಗೇ ಬಂದು ಬಾಗಿಲಲ್ಲಿ ನಿಂತಳು. ಬಟ್ಟಲು ಖಾಲಿ ಕಳಿಸಬಾರದಲ್ಲ, ಒಂದು ಚಮಚ ಸಕ್ಕರೆ ಹಾಕಿ ಕೊಟ್ಟೆ. ಅದನ್ನು ಇಸಕೊಂಡ ಮೇಲೆಯೇ ಅವಳು ಅತ್ತದ್ದು. ಅತ್ತೆ ಸತ್ತ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.

ಈಗ ನಾವು ಜೆ.ಪಿ. ನಗರದಲ್ಲಿದ್ದೇವೆ. ಪ್ಯಾಕೆಟ್ ಮೊಸರಿನಿಂದಲೇ ಹೆಪ್ಪು ಹಾಕುತ್ತೇನೆ, ಮೊಸರಾಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಮೊನ್ನೆ ತಂಗಿ ಅದನ್ನೇ ತಿಂದು, "ಅಕ್ಕ, ಇದೇ ಹೆಪ್ಪು ನನಗೂ ಸ್ವಲ್ಪ ಕೊಡು" ಎಂದಳು. ಕತ್ತಲಾಗಿತ್ತು, ಬೆಳಿಗ್ಗೆ ಕೊಡುತ್ತೇನೆ ಎಂದೆ. ಇದ್ಯಾವಾಗಿಂದ ನಿನಗೆ ಇಂಥ ಮಡಿ ಎಂದು ನಕ್ಕಳು.

ಆಂಟಿಯ ತಾಯಿಯ ಮನೆಯಿಂದ ಬಂದದ್ದು ಈಗ ಯಾರ ಮನೆಯ ಪಾತ್ರೆಯಲ್ಲೂ ಇಲ್ಲ. ತಾಯಿಯ ಕರುಳಿನಲ್ಲಿರುವ ಒಳ್ಳೆಯ ಜೀವಿಗಳು ಹುಟ್ಟುವಾಗ ಮಗುವಿಗೂ ಸಾಗುತ್ತವೆ ಎನ್ನುತ್ತಾರೆ ಡಾಕ್ಟರು. ಹಾಗಿದ್ದರೆ ನನ್ನ ಮಗಳೊಳಗೆ ಎಲ್ಲೋ ಒಂದಿಷ್ಟು ಉಳಿದಿರಬಹುದು. ಮೊಸರು ಕಂಡರೆ ಮುಖ ಸಿಂಡರಿಸುವ ಹುಡುಗಿ ಅವಳು. ಇದ್ದರೂ, ಅಲ್ಲಿಂದ ಒಂದು ಚಮಚ ಎತ್ತಿ, ಪುಟ್ಟ ಬಟ್ಟಲಲ್ಲಿ ಹಾಕಿ, ಆ ಸೊಸೆಯ ಕೈಗೆ ಕೊಡಲು ನನಗೆ ಬರುವುದಿಲ್ಲ.